ನಿಮ್ಮ ಅರ್ಜಿಯಲ್ಲಿ ಮಂಗಳೂರು ಎಲ್ಲಿದೆ?

ಬೆಂಗಳೂರು, ಮುಂಬೈ, ದೆಹಲಿಯ ದೊಡ್ಡ ಫರ್ಮ್‌ಗಳ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಮಂಗಳೂರಿನ ಕಾನೂನು ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಬಲ್ಮಠ, ಮಂಗಳೂರು

ಪ್ರಿಯ ವಿದ್ಯಾರ್ಥಿಗಳೇ,

ಈ ಪತ್ರ ನಿಮ್ಮ ಬಯೋಡೇಟಾಗಳ ಬಗ್ಗೆ. ವರ್ಷವರ್ಷವೂ ನಿಮ್ಮಲ್ಲಿ ಹಲವರು ಅದನ್ನು ನನಗೆ ಕಳಿಸಿ "ಸರ್, ಒಮ್ಮೆ ನೋಡಿ, ಬೆಂಗಳೂರಿಗೆ ಕಳಿಸ್ಲಿಕ್ಕುಂಟು" ಅನ್ನುತ್ತೀರಿ. ನೋಡುತ್ತೇನೆ. ಹೆಸರು ಮುಚ್ಚಿಬಿಟ್ಟರೆ ಯಾರದ್ದು ಯಾವುದೆಂದು ಹೇಳಲಿಕ್ಕಾಗದಷ್ಟು ಒಂದೇ ಥರ ಇರುತ್ತವೆ. ಮೊದಲ ಸಾಲಿನಲ್ಲೇ ಕಾರ್ಪೊರೇಟ್ ಕಾನೂನಿನಲ್ಲಿ ಅಪಾರ ಆಸಕ್ತಿ. ಅದರ ಕೆಳಗೆ ಎರಡು ಮೂಟ್ ಕೋರ್ಟ್, ಮೂರು ಆನ್‌ಲೈನ್ ಸರ್ಟಿಫಿಕೇಟ್, ಯಾವುದೋ ವೆಬ್‌ಸೈಟಿನಲ್ಲಿ ಬಂದ ಒಂದು ಲೇಖನ. ಮಂಗಳೂರು ಬರುವುದು ಕಾಲೇಜಿನ ಹೆಸರಿನ ಪಕ್ಕದಲ್ಲಿ, ಅದೂ ಬರೆಯದೆ ವಿಧಿಯಿಲ್ಲ ಅನ್ನುವ ಹಾಗೆ. ಊರಿನ ವಕೀಲರ ಕೈಕೆಳಗೆ ಮಾಡಿದ ಇಂಟರ್ನ್‌ಶಿಪ್ಪನ್ನು ಕೆಲವರು ಬರೆಯುವುದೇ ಇಲ್ಲ. ಯಾಕೆ ಅಂದರೆ "ಅದೆಲ್ಲ ಇಲ್ಲಿಯದ್ದಲ್ವಾ ಸರ್" ಎಂಬ ಉತ್ತರ.

ನನ್ನ ತಕರಾರು ಇರುವುದು ಇಲ್ಲೇ. ನೀವು ಹೊರಗೆ ಹೋಗುವುದಕ್ಕೆ ನನ್ನ ವಿರೋಧವೇನೂ ಇಲ್ಲ. ಆದರೆ ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿನವರ ಎರಡನೇ ದರ್ಜೆಯ ನಕಲಾಗಿ ಹೋಗಬೇಡಿ. ಅಲ್ಲಿ ಮೊದಲನೇ ದರ್ಜೆಯವರು ಸಾಕಷ್ಟು ಇದ್ದಾರೆ. ಅವರಿಗೆ ಗೊತ್ತಿಲ್ಲದ್ದು ನಿಮಗೇನು ಗೊತ್ತು ಎಂಬುದನ್ನು ಬರೆಯಿರಿ.

ಮೊದಲು ಬಾಗಿಲು ಎಷ್ಟು ಕಿರಿದು ಎಂಬುದನ್ನು ಹೇಳಿಬಿಡುತ್ತೇನೆ, ಆಮೇಲೆ ಬೇಸರವಾಗಬಾರದು. ಸಿರಿಲ್ ಅಮರಚಂದ್, ಶಾರ್ದೂಲ್ ಅಮರಚಂದ್, ಖೈತಾನ್, ಎಝಡ್‌ಬಿ, ಟ್ರೈಲೀಗಲ್, ಜೆಎಸ್‌ಎ ಎಂದು ನೀವು ಪಟ್ಟಿ ಮಾಡಿಕೊಂಡಿರುವ ಫರ್ಮ್‌ಗಳು ಹೊಸಬರನ್ನು ಹೆಚ್ಚಾಗಿ ಆರಿಸುವುದು ರಾಷ್ಟ್ರೀಯ ಕಾನೂನು ಶಾಲೆಗಳ ಆವರಣದಲ್ಲೇ. 'ಡೇ ಝೀರೋ' ಎಂದು ಅವರು ಕರೆಯುವ ಆ ಒಂದು ದಿನದಲ್ಲಿ ಬಹಳಷ್ಟು ಕೆಲಸಗಳು ಹಂಚಿಹೋಗಿರುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಇಂಟರ್ನ್‌ಶಿಪ್‌ಗೆ ಬಂದು ಕೆಲಸ ಮಾಡಿ ತೋರಿಸಿದವರಿಗೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಮೊದಲ ತಂಡ ಪಾಠಕ್ಕೆ ಕೂತದ್ದು 1988ರಲ್ಲಿ. ನಮ್ಮ ಎಸ್‌ಡಿಎಂ ಕಾನೂನು ಕಾಲೇಜು 1974ರದ್ದು, ಉಡುಪಿಯ ವೈಕುಂಠ ಬಾಳಿಗಾ ಕಾಲೇಜು 1957ರದ್ದು. ವಯಸ್ಸಿನಲ್ಲಿ ನಾವೇ ಹಿರಿಯರು. ಆದರೆ ಇವತ್ತು ಆ ಫರ್ಮ್‌ಗಳಲ್ಲಿ ಪಾಲುದಾರರಾಗಿ ಕೂತವರಲ್ಲಿ ಅನೇಕರು ಓದಿದ್ದು ಆ ಲಾ ಸ್ಕೂಲಿನಲ್ಲಿ. ತಾವು ಓದಿದ ಜಾಗದ ಅಂಕಪಟ್ಟಿ ಅವರಿಗೆ ಅರ್ಥವಾಗುತ್ತದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಶೇಕಡಾ 64 ಎಂದರೆ ಏನೆಂದು ಮುಂಬೈಯ ಎಚ್‌ಆರ್‌ನವರಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಅದು ಒಳ್ಳೆಯ ಅಂಕ. ಅವರ ಕಣ್ಣಿಗೆ ಸಾಧಾರಣ. ಆದ್ದರಿಂದ ಅಂಕದ ಪಕ್ಕದಲ್ಲಿ ತರಗತಿಯಲ್ಲಿ ಎಷ್ಟನೆಯವರೆಂದು ಬರೆಯಿರಿ, ಕಾಲೇಜಿನಿಂದ ಅದಕ್ಕೊಂದು ಪತ್ರ ಪಡೆಯಿರಿ. ಸಣ್ಣ ಕೆಲಸ, ಆದರೆ ಮಾಡಿದವರನ್ನು ನಾನು ಕಂಡದ್ದು ಕಡಿಮೆ.

ಊರು ಬಿಟ್ಟು ಹೋಗುವುದು ಈ ಕರಾವಳಿಯ ವಕೀಲಿಕೆಗೆ ಹೊಸತಲ್ಲ, ಹಾಗಾಗಿ ಅದನ್ನು ದ್ರೋಹವೆಂದೂ ಸಾಹಸವೆಂದೂ ಯಾರೂ ದೊಡ್ಡದು ಮಾಡಬೇಕಾಗಿಲ್ಲ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಓದಲಿಕ್ಕೂ ಮದ್ರಾಸು, ಮೇಲ್ಮನವಿಗೂ ಮದ್ರಾಸು. ಅಮ್ಮೆಂಬಳ ಸುಬ್ಬರಾವ್ ಪೈಗಳು ಅಲ್ಲಿ ಕಾನೂನು ಓದಿ ಬಂದು ಇಲ್ಲಿ ವಕೀಲಿಕೆ ಮಾಡಿದವರು. 1906ರಲ್ಲಿ ಅವರು ಕಟ್ಟಿದ ಫಂಡು ಮುಂದೆ ಕೆನರಾ ಬ್ಯಾಂಕ್ ಆಯಿತು. ಎಂ.ಕೆ. ನಂಬಿಯಾರರು ಮಂಗಳೂರಿನ ಬಾರಿನಲ್ಲಿ ಬೆಳೆದು ಮದ್ರಾಸಿಗೆ ಹೋದರು. ಸಂವಿಧಾನ ಜಾರಿಗೆ ಬಂದ ವರ್ಷವೇ, 1950ರಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಎ.ಕೆ. ಗೋಪಾಲನ್ ಪ್ರಕರಣವನ್ನು ವಾದಿಸಿದವರು ಅವರು. ನೀವೆಲ್ಲ ಎರಡನೇ ವರ್ಷದಲ್ಲಿ ಬಾಯಿಪಾಠ ಮಾಡುವ ಪ್ರಕರಣ ಅದು, ಅದರ ಹಿಂದೆ ನಮ್ಮ ಕೋರ್ಟಿನ ಒಬ್ಬರಿದ್ದರೆಂದು ಯಾರೂ ಹೇಳಿಕೊಡುವುದಿಲ್ಲ. ಅವರ ಮಗ ಕೆ.ಕೆ. ವೇಣುಗೋಪಾಲ್ ಕಾನೂನು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲಿ, ಅಟಾರ್ನಿ ಜನರಲ್ ಆದದ್ದು 2017ರಲ್ಲಿ. ಕಾರ್ಕಳ ತಾಲೂಕಿನ ಕವ್ಡೂರು ಸದಾನಂದ ಹೆಗ್ಡೆಯವರು 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1973ರಲ್ಲಿ ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಎದ್ದುಬಂದರು.

ಇವೆಲ್ಲ ಹಳೆಯ ಕಥೆ ಅನ್ನುತ್ತೀರಾದರೆ ನಿಮ್ಮದೇ ಕಾಲೇಜಿನ ಒಬ್ಬರನ್ನು ನೋಡಿ. ಮೂಡುಬಿದಿರೆ ಸಮೀಪದ ಬೆಳುವಾಯಿಯ ಎಸ್. ಅಬ್ದುಲ್ ನಝೀರ್ ಅವರು ಮಹಾವೀರ ಕಾಲೇಜಿನಲ್ಲಿ ಬಿ.ಕಾಂ., ಎಸ್‌ಡಿಎಂನಲ್ಲಿ ಕಾನೂನು ಓದಿ 1983ರಲ್ಲಿ ಸನ್ನದು ಪಡೆದರು. ಬೆಂಗಳೂರಿನ ಹೈಕೋರ್ಟಿನಲ್ಲಿ ಸುಮಾರು ಇಪ್ಪತ್ತು ವರ್ಷ ವಕೀಲಿಕೆ ಮಾಡಿ 2003ರಲ್ಲಿ ಅಲ್ಲೇ ನ್ಯಾಯಮೂರ್ತಿಯಾದರು, 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹಾದಿ ಫರ್ಮಿನದ್ದಲ್ಲ, ಚೇಂಬರಿನದ್ದು, ಒಪ್ಪಿದೆ. ಆದರೂ ಕೊಡಿಯಾಲ್‌ಬೈಲಿನ ಎಸ್‌ಡಿಎಂ ಪದವಿ ಘಟ್ಟದ ಮೇಲೆ ನಡೆಯುವುದಿಲ್ಲ ಎಂಬ ನಿಮ್ಮ ಹಾಸ್ಟೆಲ್ ಮಾತನ್ನು ಅಲ್ಲಗಳೆಯಲಿಕ್ಕೆ ಇಷ್ಟು ಸಾಕ್ಷಿ ಸಾಕಲ್ಲವೇ.

ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಬೇರೆ ಮುಖ. ಅಲ್ಲಿ ಒಂದು ಪ್ರಾಂತ್ಯದ ಕಾನೂನು ಶಾಲೆಯವರು ಇನ್ನೊಂದು ಪ್ರಾಂತ್ಯದ ಫರ್ಮಿಗೆ ಅರ್ಜಿ ಹಾಕಿದರೆ, ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಈ ಊರಿಗೂ ನಿನಗೂ ಏನು ನಂಟು ಎಂಬುದು. ಕಲಿಸಿ ಪಳಗಿಸಿದ ಮೇಲೆ ಎದ್ದು ಊರಿಗೆ ಹೋದರೆ ನಷ್ಟ ಫರ್ಮಿನದ್ದೇ ತಾನೇ. ನಮ್ಮಲ್ಲಿ ಅಷ್ಟು ನೇರವಾಗಿ ಕೇಳುವುದಿಲ್ಲ, ಆದರೆ ಆ ಅನುಮಾನ ಇದ್ದೇ ಇರುತ್ತದೆ. ಬೆಂಗಳೂರಿನ ಮಟ್ಟಿಗೆ ನಿಮ್ಮ ಉತ್ತರ ಸುಲಭ: ನಮ್ಮ ಹೈಕೋರ್ಟ್ ಅಲ್ಲೇ ಇರುವುದು. 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಸಂಚಾರಿ ಪೀಠ ಬಂತು, ಮಂಗಳೂರಿಗೆ ಪೀಠ ಬೇಕೆಂಬ ಬೇಡಿಕೆ ಬೇಡಿಕೆಯಾಗಿಯೇ ಉಳಿದಿದೆ. ಕಂಪನಿ ನ್ಯಾಯಮಂಡಳಿ, ಸಾಲ ವಸೂಲಾತಿ ನ್ಯಾಯಮಂಡಳಿ ಎಲ್ಲವೂ ಬೆಂಗಳೂರೇ. ಮುಂಬೈಗಾದರೋ ನಿಮ್ಮಲ್ಲಿ ಅರ್ಧದಷ್ಟು ಜನರಿಗೆ ಅಲ್ಲೊಬ್ಬ ಮಾವನೋ ದೊಡ್ಡಪ್ಪನೋ ಇದ್ದೇ ಇರುತ್ತಾರೆ. ಹಗಲು ಕ್ಯಾಂಟೀನಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಕಪ್ಪು ಕೋಟು ತೊಟ್ಟ ನಮ್ಮವರು ಆ ಊರಿನಲ್ಲಿ ಇದ್ದಾರೆ. ನಾಲ್ಕು ವಾರ ಮಲಗಲಿಕ್ಕೆ ಒಂದು ಚಾಪೆ ಸಿಕ್ಕಿದರೆ ಇಂಟರ್ನ್‌ಶಿಪ್ಪಿನ ಅರ್ಧ ಖರ್ಚು ಕಳೆಯಿತು.

ಈಗ ನಿಮ್ಮ ಬಳಿ ಇರುವ ಬಂಡವಾಳಕ್ಕೆ ಬರೋಣ. ನನಗೆ ಹೆಚ್ಚು ಮಾತಾಡಲಿಕ್ಕಿರುವುದು ಇದರ ಬಗ್ಗೆ.

ಬೆಂಗಳೂರಿನ ಯಾವ ದೊಡ್ಡ ಫರ್ಮಿನಲ್ಲೂ ಜಮೀನು ವ್ಯವಹಾರ ನೋಡುವ ಒಂದು ತಂಡ ಇರುತ್ತದೆ. ಗದಗ, ಕೊಪ್ಪಳ, ಚಿತ್ರದುರ್ಗದ ಕಡೆ ಗಾಳಿ ವಿದ್ಯುತ್ತಿಗೆ, ಸೌರ ವಿದ್ಯುತ್ತಿಗೆ ಜಮೀನು ಹುಡುಕುವ ಕಂಪನಿಗಳು, ದೇವನಹಳ್ಳಿಯ ಸುತ್ತ ಗೋದಾಮು ಕಟ್ಟುವವರು, ಅವರಿಗೆ ಸಾಲ ಕೊಡುವ ಬ್ಯಾಂಕುಗಳು, ಎಲ್ಲರಿಗೂ ಮೊದಲು ಬೇಕಾದ್ದು ಜಾಗದ ಹಕ್ಕು ಯಾರದೆಂಬ ವರದಿ. ಆ ದಾಖಲೆ ಇರುವುದು ಕನ್ನಡದಲ್ಲಿ. ಹಳೆಯದಾದರೆ ಕೈಬರಹದಲ್ಲಿ, ಅದೂ ಶಾನುಭೋಗರ ಕೈಬರಹದಲ್ಲಿ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ, ವಿಭಾಗ ಪತ್ರ, ಭೂಪರಿವರ್ತನೆಯ ಆದೇಶ ಇವನ್ನು ಓದಿ, ಎಲ್ಲಿ ಕೊಂಡಿ ತಪ್ಪಿದೆ ಎಂದು ಹೇಳಬಲ್ಲವರು ಅಲ್ಲಿ ಬೇಕು. ದೆಹಲಿಯಲ್ಲಿ ಹುಟ್ಟಿ ಭೋಪಾಲದಲ್ಲಿ ಓದಿದ ಹುಡುಗ ಎಷ್ಟೇ ಚುರುಕಾಗಿರಲಿ, ಅನುವಾದಕ್ಕಾಗಿ ಕಾಯಬೇಕು. ಅನುವಾದಕ ಕಾನೂನು ತಿಳಿದವನಲ್ಲ. ಷರತ್ತಿನ ಒಂದು ಸಾಲು ಬಿಟ್ಟುಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಬೆಳೆದವರಿಗೆ ಇನ್ನೂ ಒಂದು ಅನುಕೂಲ ಉಂಟು. ಇಲ್ಲಿಯಷ್ಟು ಜಟಿಲವಾದ ಭೂಹಕ್ಕು ರಾಜ್ಯದ ಬೇರೆಡೆ ಕಡಿಮೆ. ವರ್ಗ ಜಾಗ ಬೇರೆ, ಅದರ ಸುತ್ತ ನೂರು ಗಜದೊಳಗಿನ ಕುಮ್ಕಿ ಬೇರೆ. ಕುಮ್ಕಿಯಲ್ಲಿ ಸೊಪ್ಪು ತರಬಹುದು, ಅದು ಸರಕಾರದ ಭೂಮಿ, ಮಾರಲಿಕ್ಕಿಲ್ಲ. ಆದರೂ ಅದನ್ನು ಸೇರಿಸಿಯೇ ವಿಸ್ತೀರ್ಣ ಹೇಳುವ ಮಾರಾಟಗಾರರನ್ನು ನೀವೆಲ್ಲ ನೋಡಿದ್ದೀರಿ. ಮೂಲಗೇಣಿ ಎಂಬ ಶಾಶ್ವತ ಗೇಣಿ ನಗರದ ನಡುಮಧ್ಯದಲ್ಲೇ ಇದೆ, ಅದರ ಗೇಣಿದಾರರಿಗೆ ಒಡೆತನ ಕೊಡಲಿಕ್ಕೆಂದು 2011ರ ಒಂದು ಪ್ರತ್ಯೇಕ ಕಾಯಿದೆಯೇ ಇದೆ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಗೇಣಿದಾರರು ಪಡೆದ ಭೂಮಿ ಇಲ್ಲಿ ಊರೂರಿಗೆ ಇದೆ. ಭೂನ್ಯಾಯಮಂಡಳಿಯ ಆದೇಶ ಇಲ್ಲದೆ, ಪರಭಾರೆ ನಿಷೇಧದ 15 ವರ್ಷ ಕಳೆದಿತ್ತೋ ಇಲ್ಲವೋ ನೋಡದೆ ಹಕ್ಕು ಶುದ್ಧ ಎಂದು ಬರೆಯುವಂತಿಲ್ಲ. ಅಳಿಯಸಂತಾನದ ಮನೆತನವಾದರೆ ವಂಶವೃಕ್ಷ ತಾಯಿಯ ಕಡೆಯಿಂದ ಇಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮುಂಚಿನ ಪಾಲುಪಟ್ಟಿಯನ್ನು ಅಪ್ಪನಿಂದ ಮಗನಿಗೆ ಎಂದು ಓದಿದರೆ ಇಡೀ ವರದಿ ತಲೆಕೆಳಗು. ಇದನ್ನೆಲ್ಲ ನಿಮಗೆ ಯಾವ ಸರ್ಟಿಫಿಕೇಟ್ ಕೋರ್ಸೂ ಹೇಳಿಕೊಟ್ಟಿಲ್ಲ. ಮನೆಯ ಜಗಲಿಯಲ್ಲಿ ಅಜ್ಜ, ಅಣ್ಣಂದಿರು ಜಾಗದ ತಕರಾರು ಮಾತಾಡುವಾಗ ಕಿವಿಗೆ ಬಿದ್ದದ್ದು, ಕಾಲೇಜಿನಲ್ಲಿ ಕಾಯಿದೆಯಾಗಿ ಕಂಡದ್ದು.

ಕರಂಗಲ್ಪಾಡಿಯ ಕೋರ್ಟಿನ ಸುತ್ತ ಎಷ್ಟೋ ಆಫೀಸುಗಳ ಅನ್ನ ನಡೆಯುವುದೇ ಬ್ಯಾಂಕುಗಳಿಗೆ ಲೀಗಲ್ ಒಪೀನಿಯನ್ ಬರೆದು. ಮನೆ ಸಾಲಕ್ಕೆ ಬಂದ ಕಡತ, ಮೂವತ್ತು ವರ್ಷದ ಹಿಂದಿನ ತನಕ ಹಕ್ಕಿನ ಸರಪಳಿ, ಕೊನೆಗೆ ಅಡಮಾನಕ್ಕೆ ಯೋಗ್ಯವೋ ಅಲ್ಲವೋ ಎಂಬ ಎರಡು ಸಾಲು. ಬೆಂಗಳೂರಿನ ಫರ್ಮಿನ ಹೊಸಬ ಮೊದಲ ವರ್ಷ ಮಾಡುವ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಭಾಷೆಯದ್ದು, ಕಾಗದದ ಗುಣಮಟ್ಟದ್ದು, ಬಿಲ್ಲಿನದ್ದು. ಅಂಥ ಆಫೀಸಿನಲ್ಲಿ ಎರಡು ರಜೆ ಕೂತು ಐವತ್ತು ಕಡತ ನೋಡಿದವಳು ಅದನ್ನು ಬಯೋಡೇಟಾದಿಂದ ಬಿಟ್ಟು, ಅದರ ಜಾಗದಲ್ಲಿ ಆರು ಗಂಟೆಯ ಆನ್‌ಲೈನ್ ಕೋರ್ಸನ್ನು ತುಂಬುತ್ತಾಳೆಂದರೆ ಏನು ಹೇಳಬೇಕು ಮಾರಾಯ್ರೆ.

ಜಮೀನು ಬೇಡ ಅನ್ನುವವರು ಪಣಂಬೂರಿನ ಬಂದರಿನ ಕಡೆ ನೋಡಿ. ನವಮಂಗಳೂರು 1974ರಲ್ಲಿ ದೇಶದ ಪ್ರಮುಖ ಬಂದರಾಯಿತು. 2017ರ ಅಡ್ಮಿರಾಲ್ಟಿ ಕಾಯಿದೆ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಇಲ್ಲಿ ಲಂಗರು ಹಾಕಿದ ಹಡಗನ್ನು ಬಾಕಿಗಾಗಿ ತಡೆಹಿಡಿಯುವ ಅಧಿಕಾರ ಕರ್ನಾಟಕ ಹೈಕೋರ್ಟಿಗೆ ಸ್ಪಷ್ಟವಾಗಿ ಬಂದಿದೆ. ಸಮುದ್ರ ಕಾಣದ ಊರಿನಲ್ಲಿ ಕೂತು ಹಡಗು ಹಿಡಿಯುವ ಆದೇಶ ಕೊಡುವುದು ತಮಾಷೆಯಂತೆ ಕೇಳಿಸಿದರೂ ಕಾನೂನು ಹಾಗೆ. 2025ರ ಮೇಯಲ್ಲಿ ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಆಚೆ ಮುಳುಗಿದ ಮೇಲೆ ಕೇರಳ ಹೈಕೋರ್ಟು ಅದೇ ಗುಂಪಿನ ಬೇರೆ ಹಡಗನ್ನು ತಡೆಹಿಡಿದದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಮುಂಬೈಯಲ್ಲಿ ಇದನ್ನೇ ಕಸುಬು ಮಾಡಿಕೊಂಡ ಫರ್ಮ್‌ಗಳಿವೆ. ಅಲ್ಲಿಗೆ ಅರ್ಜಿ ಹಾಕುವ ಮೊದಲು ನಮ್ಮ ಊರಿನ ಹಡಗು ಏಜೆಂಟರ ಆಫೀಸಿನಲ್ಲೋ ಕಸ್ಟಮ್ಸ್ ಬ್ರೋಕರರ ಆಫೀಸಿನಲ್ಲೋ ಎರಡು ವಾರ ಕಳೆದು, ಬಿಲ್ ಆಫ್ ಲೇಡಿಂಗ್ ಎಂಬುದನ್ನು ಪುಸ್ತಕದ ಹೊರಗೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ನಿಮ್ಮಲ್ಲಿ ಎಷ್ಟು ಜನ? ಆಫ್ರಿಕದಿಂದ ಇಲ್ಲಿಗೆ ಬರುವ ಗೋಡಂಬಿಯ ಬೀಜ ಒದ್ದೆಯಾಗಿತ್ತೋ ಇಲ್ಲವೋ ಎಂಬ ಜಗಳದಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನಿನ ಅರ್ಧ ಸಿಲೆಬಸ್ ಇದೆ.

ದೊಡ್ಡ ಫರ್ಮ್ ಒಂದು ಮಂಗಳೂರಿಗೇ ಬಂದ ಸಂದರ್ಭವೂ ಉಂಟು, ಅದನ್ನು ನೆನೆಯುವುದು ಕಷ್ಟ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಕೆಂಜಾರಿನಲ್ಲಿ ಕಣಿವೆಗೆ ಉರುಳಿ 158 ಜನ ತೀರಿಕೊಂಡರು. ನೀವಾಗ ಚಿಕ್ಕ ಮಕ್ಕಳು. ವಿಮಾದಾರರ ಪರವಾಗಿ ಪರಿಹಾರದ ಮಾತುಕತೆ ನಡೆಸಿದ್ದು ಮುಂಬೈಯ ಹಳೆಯ ವಕೀಲರ ಫರ್ಮ್. ಅವರ ಕೈಯಲ್ಲಿದ್ದದ್ದು ಮಾಂಟ್ರಿಯಲ್ ಒಪ್ಪಂದ. ಭಾರತ ಅದನ್ನು ಒಪ್ಪಿ ಆಗ ಒಂದು ವರ್ಷವಷ್ಟೇ ಆಗಿತ್ತು. ಎದುರಿಗೆ ಕೂತವರು ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿಯ ಮನೆಗಳವರು. ಗಲ್ಫಿನ ಸಂಬಳದ ಪತ್ರ, ವಾರಸುದಾರರ ಪಟ್ಟಿ, ಯಾರು ಯಾರ ಆಶ್ರಯದಲ್ಲಿದ್ದರು ಎಂಬುದಕ್ಕೆ ಪುರಾವೆ ಇವನ್ನೆಲ್ಲ ಆ ಮನೆಗಳವರು ಒಟ್ಟುಮಾಡಬೇಕಿತ್ತು. ಕೆಲವರು ರಾಜಿಗೆ ಒಪ್ಪಿದರು, ಕೆಲವರು ಕೋರ್ಟಿಗೆ ಹೋದರು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿಯ ಪರಿಹಾರವೆಂದು ಸುಪ್ರೀಂ ಕೋರ್ಟು ಹೇಳಿದ್ದು 2020ರ ಮಾರ್ಚಿನಲ್ಲಿ, ಹತ್ತು ವರ್ಷದ ಹತ್ತಿರ. ಆ ತೀರ್ಪನ್ನು ಓದಿ. ಮೃತರ ಆದಾಯದಲ್ಲಿ ಯಾವ ಭತ್ಯೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದರ ಮೇಲೆ ಅಲ್ಲಿ ಮೊತ್ತ ಹೇಗೆ ಬೆಳೆಯುತ್ತದೆ ನೋಡಿ. ವಿಮಾನಯಾನ ಕಾನೂನಿನ ಬಗ್ಗೆ ಸಂದರ್ಶನದಲ್ಲಿ ಮಾತಾಡುವ ಅವಕಾಶ ಸಿಕ್ಕಿದರೆ, ವಾರ್ಸಾದಿಂದ ಮಾಂಟ್ರಿಯಲ್‌ವರೆಗಿನ ಇತಿಹಾಸವನ್ನು ಒಪ್ಪಿಸಬೇಡಿ. ನಮ್ಮ ಪಕ್ಕದ ಮನೆಗಳಿಗೆ ಈ ಒಪ್ಪಂದ ಏನು ಮಾಡಿತು ಎಂಬುದನ್ನು ಹೇಳಿ.

ಇನ್ನು ವ್ಯಾವಹಾರಿಕ ಮಾತು. ಬಾರ್ ಕೌನ್ಸಿಲಿನ 2008ರ ನಿಯಮದಂತೆ ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ನಿಮ್ಮಲ್ಲಿ ಹೆಚ್ಚಿನವರು ಇದನ್ನು ಮುಗಿಸಬೇಕಾದ ಲೆಕ್ಕವೆಂದು ಕಾಣುತ್ತೀರಿ, ಪರಿಚಯದ ವಕೀಲರಿಂದ ಸಹಿ ಹಾಕಿಸಿಕೊಂಡು ಬರುವವರೂ ಇದ್ದಾರೆ. ನಾಗರಭಾವಿಯವರು ಅದೇ ನಾಲ್ಕು ವಾರವನ್ನು ಕೆಲಸದ ಪರೀಕ್ಷೆಯೆಂದು ಕಾಣುತ್ತಾರೆ. ಫರ್ಮ್‌ಗಳ ಇಂಟರ್ನ್‌ಶಿಪ್ ತಿಂಗಳುಗಳ ಮೊದಲೇ ಭರ್ತಿಯಾಗುತ್ತದೆ. ಮೇ ತಿಂಗಳಿಗೆ ಏಪ್ರಿಲಿನಲ್ಲಿ ಬರೆದರೆ ಉತ್ತರವೂ ಬರುವುದಿಲ್ಲ. ನಮ್ಮ ವಿಶ್ವವಿದ್ಯಾಲಯದ ಪರೀಕ್ಷೆಯ ದಿನಾಂಕ ನಿಮ್ಮ ಕೈಯಲ್ಲಿಲ್ಲ, ಅದು ನಿಜವಾದ ತೊಂದರೆ. ಅರ್ಜಿಯಲ್ಲೇ ಎರಡು ಬೇರೆ ಬೇರೆ ತಿಂಗಳು ಸೂಚಿಸಿ ಅದನ್ನು ಒಂದು ಸಾಲಿನಲ್ಲಿ ವಿವರಿಸಿ.

ಮೊದಲ ಹೆಜ್ಜೆಗೇ ಪಟ್ಟಿಯ ತುದಿಯ ಹೆಸರು ಬೇಕೆಂಬ ಹಟ ಬಿಡಿ. ಬೆಂಗಳೂರಿನಲ್ಲಿ ಹದಿನೈದು, ಇಪ್ಪತ್ತು ಜನರ ಫರ್ಮ್‌ಗಳು ಬೇಕಾದಷ್ಟಿವೆ. ಹೈಕೋರ್ಟಿನಲ್ಲಿ ವಾಣಿಜ್ಯ ವ್ಯಾಜ್ಯ ನೋಡುವ ಹಿರಿಯರ ಚೇಂಬರ್‌ಗಳಿವೆ, ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ, ತುಳುವಿನಲ್ಲಿ ಒಂದು ಮಾತು ಆಡಿದರೆ ಕೂರಿಸಿ ಕೇಳುತ್ತಾರೆ. ಅಂಥಲ್ಲಿ ಎರಡು ಮೂರು ವರ್ಷ ಪಳಗಿದವರನ್ನು ದೊಡ್ಡ ಫರ್ಮ್‌ಗಳು ತೆಗೆದುಕೊಳ್ಳುತ್ತವೆ, ಆಗ ಯಾವ ಕಾಲೇಜೆಂದು ಕೇಳುವುದು ಕಡಿಮೆ, ಏನು ಬರುತ್ತದೆ ಎಂದು ಕೇಳುವುದು ಹೆಚ್ಚು. ಪಕ್ಕದ ಬಾಗಿಲು ಅನ್ನಿಸಬಹುದು. ನಾನು ಬಲ್ಲಂತೆ ಇಲ್ಲಿಂದ ಹೋಗಿ ನೆಲೆಯಾದವರಲ್ಲಿ ಹೆಚ್ಚಿನವರು ಆ ಬಾಗಿಲಿನಿಂದಲೇ ಒಳಹೊಕ್ಕವರು. ಇನ್ನೊಂದು ಎಚ್ಚರ: ವಿದೇಶದ ಕರಾರುಪತ್ರಗಳನ್ನು ಸಾಲುಸಾಲಾಗಿ ಪರಿಶೀಲಿಸುವ ಹೊರಗುತ್ತಿಗೆ ಕಂಪನಿಗಳೂ 'ಲೀಗಲ್' ಎಂಬ ಹೆಸರಿನಲ್ಲೇ ಕರೆಯುತ್ತವೆ. ಕೆಲಸ ಕೆಟ್ಟದ್ದಲ್ಲ, ಬಾಡಿಗೆ ಕಟ್ಟಲಿಕ್ಕೆ ಆಗುತ್ತದೆ. ಆದರೆ ಅಲ್ಲಿಂದ ಫರ್ಮಿಗೆ ದಾರಿ ಸುಲಭವಲ್ಲ.

ಇಂಗ್ಲಿಷಿನ ಬಗ್ಗೆ ಒಂದೇ ಮಾತು. ನಿಮ್ಮ ಉಚ್ಚಾರಣೆಗಾಗಿ ಯಾರೂ ನಿಮ್ಮನ್ನು ಕೈಬಿಡುವುದಿಲ್ಲ, ಬರವಣಿಗೆಗಾಗಿ ಕೈಬಿಡುತ್ತಾರೆ. ಪರೀಕ್ಷೆಗೆ ಪುಟ ತುಂಬಿಸಿ ಬರೆದ ಕೈ ಅದು, ಒಂದೇ ವಿಷಯವನ್ನು ಮೂರು ಸಲ ಹೇಳುತ್ತದೆ. ಹೈಕೋರ್ಟಿನ ತೀರ್ಪೊಂದನ್ನು ವಾರಕ್ಕೊಮ್ಮೆ ಒಂದು ಪುಟಕ್ಕೆ ಇಳಿಸಿ, ಮುಂದಿನ ವಾರ ಅದನ್ನೇ ಅರ್ಧ ಪುಟಕ್ಕೆ ಇಳಿಸಿ. ಬೇರೆ ಉಪಾಯ ನನಗೆ ಗೊತ್ತಿಲ್ಲ.

ದುಡ್ಡಿನ ವಿಚಾರವನ್ನು ಹಿರಿಯರು ನಿಮ್ಮೊಡನೆ ಮಾತಾಡುವುದಿಲ್ಲ, ನಾನು ಮಾತಾಡುತ್ತೇನೆ. ಮೊದಲ ಸಾಲಿನ ಫರ್ಮ್‌ಗಳಲ್ಲಿ ಹೊಸಬರಿಗೆ ವರ್ಷಕ್ಕೆ 15 ಲಕ್ಷ ದಾಟಿ ಸಿಗುತ್ತದೆ. ಇತ್ತ ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಎಂದು ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಹೇಳಿದ್ದು ಬರೀ ಶಿಫಾರಸು. ನಮ್ಮ ಊರಿನ ಎಷ್ಟೋ ಆಫೀಸುಗಳಲ್ಲಿ ಅದರ ಅರ್ಧವೂ ಇಲ್ಲ. ಮನೆಯ ಸಾಲ ತೀರಿಸಬೇಕಾದವನಿಗೆ, ತಂಗಿಯ ಓದಿಗೆ ಕಳಿಸಬೇಕಾದವಳಿಗೆ 'ಊರಿನಲ್ಲೇ ಇದ್ದು ಸೇವೆ ಮಾಡಿ' ಎಂದು ಉಪದೇಶ ಮಾಡುವ ನಮ್ಮ ಬಾರಿನ ಹಿರಿಯರು ಮೊದಲು ತಮ್ಮ ಜೂನಿಯರುಗಳಿಗೆ ಏನು ಕೊಡುತ್ತಾರೆಂದು ಹೇಳಲಿ. ಹಾಗೆಂದು ಫರ್ಮಿನ ಮೊತ್ತವನ್ನು ಸಂಬಳವೆಂದು ಓದಬೇಡಿ. ಹೆಚ್ಚಿನ ಕಡೆ ಅದು ವೃತ್ತಿ ಶುಲ್ಕ. 10 ಶೇಕಡಾ ಟಿಡಿಎಸ್ ಕಡಿದು ಬರುತ್ತದೆ, ಪಿಎಫ್ ಇರುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಬರುವ ಇಮೇಲಿಗೆ ಹನ್ನೆರಡರೊಳಗೆ ಉತ್ತರ ಹೋಗಬೇಕು. ಬೆಂಗಳೂರಿನ ಬಾಡಿಗೆ, ಅಡ್ವಾನ್ಸು ಕಳೆದು ಎಷ್ಟು ಉಳಿಯಿತೆಂದು ಲೆಕ್ಕ ಹಾಕಿ ಹೋಗಿ.

ನಿಮ್ಮ ಮನೆಯವರ ಆಸೆ ಜಡ್ಜ್ ಆಗಬೇಕೆಂಬುದಾದರೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ಮತ್ತೆ ಕಡ್ಡಾಯ ಮಾಡಿತು. ಆ ಮೂರು ವರ್ಷಕ್ಕೆ ಹತ್ತು ವರ್ಷ ಅನುಭವದ ವಕೀಲರ ಪ್ರಮಾಣಪತ್ರ, ಅದಕ್ಕೆ ನ್ಯಾಯಾಧೀಶರ ದೃಢೀಕರಣ ಬೇಕು. ಕಂಪನಿಯೊಂದರ ಕಾನೂನು ವಿಭಾಗಕ್ಕೆ ಪೂರ್ಣಕಾಲಿಕ ಸಂಬಳದ ನೌಕರರಾಗಿ ಸೇರಿದರೆ ಸನ್ನದನ್ನು ಅಮಾನತಿನಲ್ಲಿಡಬೇಕು, ಆ ಅವಧಿ ವಕೀಲಿಕೆಯಲ್ಲ. ಫರ್ಮಿನಲ್ಲಿ ಕೋರ್ಟಿನ ಮುಖ ನೋಡದೆ ಕರಾರುಪತ್ರಗಳ ತಂಡದಲ್ಲೇ ಇದ್ದರೆ ಯಾರು ಏನೆಂದು ಬರೆದುಕೊಡುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ವ್ಯಾಜ್ಯದ ತಂಡ ಕೇಳುವುದೋ, ಕರಾರಿನ ತಂಡ ಕೇಳುವುದೋ ಎಂಬ ಆಯ್ಕೆಯನ್ನು ಸಂಬಳ ನೋಡಿ ಮಾಡುತ್ತೀರಿ; ಈ ನಿಯಮವನ್ನೂ ನೋಡಿ ಮಾಡಿ.

ಕೊನೆಯ ವರ್ಷದವರು ಆಫರ್ ಲೆಟರಿಗೆ ಕಾಯುತ್ತಾ ಸನ್ನದನ್ನು ಮುಂದೂಡಬೇಡಿ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದೆಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ದುಡ್ಡಿನ ನೆಪ ಉಳಿದಿಲ್ಲ. ಮೂರು ವರ್ಷದ ಎಣಿಕೆಯೂ ತಾತ್ಕಾಲಿಕ ನೋಂದಣಿಯ ದಿನದಿಂದಲೇ. ನೋಂದಣಿಗೆ ಹೇಗೂ ಬೆಂಗಳೂರಿಗೆ ಹೋಗಬೇಕು. ಹೋದವರು ಮರುದಿನವೂ ಉಳಿದು, ಹೈಕೋರ್ಟಿನ ಸುತ್ತಲಿನ ಎರಡು ಮೂರು ಚೇಂಬರ್‌ಗಳಿಗೆ ಸ್ವತಃ ಹೋಗಿ ನಿಮ್ಮ ಹೆಸರು, ಊರು ಹೇಳಿ ಬನ್ನಿ. ಮಂಗಳೂರಿಗೆ ವಾಪಸು ಬಸ್ಸು ಮರುದಿನ ರಾತ್ರಿಯೂ ಉಂಟು.

ಇತಿ,
ಬಲ್ಮಠದ ಒಬ್ಬ ವಕೀಲ